ಒಡ್ಡು ಹಿಡಿದು ನಡೆದ ಚರಗ

ಸಿಂಧನೂರಿನಲ್ಲಿ ಮಸ್ಕಿ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತಿದ್ದೆ. ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಊರಿಗೆ ಹೊರಟಿದ್ದೆ. ಹಿಂದಿನ ಸೀಟಿನ ಹೆಂಗಸು ಮಡಿಲಲ್ಲಿದ್ದ ಬುತ್ತಿಯ ಗಂಟು ಬಿಚ್ಚಿದ್ದೇ ತಡ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ ಇಡೀ ಬಸ್ಸಿಗೆ ಹರಡಿತು. ಮರುದಿನ ಎಳ್ಳಮಾವಾಸ್ಯೆ. ನಮ್ಮ ಕಡೆ ಅದರ ಹಿಂದಿನ ದಿನ ಯಾರ ಮನೆಯ ಒಲೆಯೂ ಆರುವುದಿಲ್ಲ.

"ಚರಗಕ್ಕ ಹೊಂಟೀರೇನ್ರಿ?" ಎಂದು ತಿರುಗಿ ಕೇಳಿದೆ.

"ಹೌದವ್ವ, ತವರುಮನಿ ಹೊಲಕ್ಕ. ನೀವು?"

"ನಮ್ಮ ಹೊಲಕ್ಕ," ಎಂದೆ. ಆ ಎರಡು ಮಾತು ಹೇಳುವಾಗ ನನ್ನ ದನಿ ಎಷ್ಟು ಏರಿತೆಂದರೆ ಕಂಡಕ್ಟರು ಕತ್ತು ಹೊರಳಿಸಿ ನೋಡಿದ. ನೋಡಲಿ ಬಿಡಿ. ಆ ಎರಡು ಮಾತನ್ನು ಗಟ್ಟಿಯಾಗಿ ಹೇಳುವ ಹಕ್ಕು ನನಗೆ ಪುಕ್ಕಟೆ ಬಂದದ್ದಲ್ಲ.

ಚರಗ ಎಂದರೆ ಹೊಲಕ್ಕೆ ಮಾಡುವ ಬಯಕೆಯ ಊಟ. ಎಳ್ಳಮಾವಾಸ್ಯೆಯ ಹೊತ್ತಿಗೆ ಬಿಳಿಜೋಳ ಹೊಡೆ ತುಂಬಿ ನಿಂತಿರುತ್ತದೆ. ಭೂಮಿ ಬಸುರಿ ಎಂದು ಲೆಕ್ಕ. ಮನೆಯಲ್ಲಿ ಮಾಡಿದ ಕಡುಬು, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲವನ್ನೂ ಒಂದು ಬುಟ್ಟಿಯಲ್ಲಿ ಕಲಸಿ, ಒಬ್ಬರು ಹೊಲದ ಗಡಿ ಹಿಡಿದು ಚೆಲ್ಲುತ್ತ ಮುಂದೆ ಹೋಗುತ್ತಾರೆ. ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಬರುತ್ತಾರೆ. ಆಮೇಲೆ ಹೊಲದಲ್ಲೇ ಪಂಕ್ತಿ. ದಾರಿಯಲ್ಲಿ ಹೋಗುವವರು ಯಾರೇ ಇರಲಿ, ಕರೆದು ಕೂರಿಸಿ ಉಣಿಸಬೇಕು. ನಾನು ಮುಸಲ್ಮಾನರ ಮನೆಯ ಸೊಸೆ, ಮುದಗಲ್ ನನ್ನ ತವರು. ಆದರೆ ಹೊಲ ಇದ್ದವರಿಗೆಲ್ಲ ಈ ಹಬ್ಬ ಇದೆ. ನಮ್ಮ ಅತ್ತೆ ಬಿಸ್ಮಿಲ್ಲಾ ಎಂದುಕೊಂಡೇ ಚರಗದ ಬುಟ್ಟಿ ಎತ್ತುತ್ತಿದ್ದರು.

ನಮ್ಮ ದಿಬ್ಬದಲ್ಲಿ ಇನ್ನೂ ಒಂದು ನೇಮವಿದೆ. ಬಯಕೆಯ ಊಟ ಉಂಡ ಹೊಲಕ್ಕೆ ಕಾಳು ರಾಶಿ ಆಗುವ ತನಕ ಯಾರೂ ಗುದ್ದಲಿ ಹಚ್ಚುವುದಿಲ್ಲ. ದಿಬ್ಬದವರೆಲ್ಲ ಸೇರಿ ಮಾಡಿದ ಕೂಡುಹೊಲದ ಮೊದಲ ವರ್ಷ ನಮ್ಮನ್ನು ಉಳಿಸಿದ್ದು ಈ ನೇಮ, ಮತ್ತು ತುರ್ವಿಹಾಳದ ಶಾಲೆಯ ಹುಡುಗರು ಮಾಡಿದ ಒಂದು ತಪ್ಪು.

ಪಾಮನಕಲ್ಲೂರಿನ ಆಚೆ ನಮ್ಮ ಇಳಿಜಾರು. ಮೇಲೆ ಕೆಂಪು ಮಸಾರಿ ಮಣ್ಣು, ಕೆಳಗೆ ಕಪ್ಪು ಎರಿ ಮಣ್ಣು. ಕಾಲುವೆಯ ನೀರು ತುರ್ವಿಹಾಳ, ಸಿಂಧನೂರಿನ ಕಡೆಯವರ ಭಾಗ್ಯ, ನಮಗೆ ಮಳೆಯೇ ಗತಿ. ಆ ಮಳೆಯೋ ವರ್ಷವೆಲ್ಲ ಕಾಯಿಸಿ, ಬಂದ ದಿನ ಧೋ ಎಂದು ಸುರಿದು, ಕೈಗೆ ಸಿಕ್ಕ ಮಣ್ಣನ್ನೆಲ್ಲ ಎತ್ತಿಕೊಂಡು ಹಳ್ಳಕ್ಕೆ ಓಡುತ್ತಿತ್ತು. ನನ್ನ ಎರಡು ಎಕರೆ ದಿಬ್ಬದ ಬುಡದಲ್ಲಿದೆ. ಮೇಲಿನವರ ಹೊಲದ ನೀರೆಲ್ಲ ನನ್ನ ಹೊಲವನ್ನು ಸೀಳಿಕೊಂಡೇ ಹೋಗಬೇಕು. ಆ ಕೊರಕಲಿನೊಳಗೆ ಎಮ್ಮೆ ನಿಂತರೆ ಕೋಡು ಮಾತ್ರ ಕಾಣುತ್ತಿತ್ತು. ಹೀಗಾಗಿ ವರ್ಷಕ್ಕೆ ಎರಡು ಸಲ, ಮಳೆಗಾಲದಲ್ಲೊಮ್ಮೆ, ಎಳ್ಳಮಾವಾಸ್ಯೆ ಮುಗಿದ ಮೇಲೊಮ್ಮೆ, ಟಂಟಂ ಆಟೋ ಹತ್ತಿ ತುರ್ವಿಹಾಳಕ್ಕೆ ಭತ್ತದ ನಾಟಿಗೆ ಹೋಗುತ್ತಿದ್ದೆ. ನಾಟಿ ಕೆಲಸ ಕೀಳು ಎಂದು ನಾನು ಹೇಳುವುದಿಲ್ಲ. ಆದರೆ ಸ್ವಂತ ಹೊಲ ಇಟ್ಟುಕೊಂಡು ಇನ್ನೊಬ್ಬರ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ವರ್ಷವಾದರೂ ಆ ಟಂಟಂ ಹತ್ತಬಾರದು ಎಂಬುದು ನನ್ನ ಹಟವಾಗಿತ್ತು.

ಲಿಂಗಸುಗೂರಿನಲ್ಲಿ ಮಣ್ಣು ಉಳಿಸುವ ಬಗ್ಗೆ ತರಬೇತಿ ಇದೆ ಎಂದು ಯಾರೋ ಹೇಳಿದರು. ಹೋಗಿ ಬಂದೆ. ಬಂದವಳು ಸುಮ್ಮನಿರದೆ ದಿಬ್ಬದ ಮನೆಮನೆಗೆ ಹೋಗಿ ತಲೆ ತಿಂದೆ. ಕೊನೆಗೆ ನನ್ನ ಕಾಟ ತಾಳಲಾರದೆಯೋ ಏನೋ, ದಿಬ್ಬದವರೆಲ್ಲ ಒಪ್ಪಿದರು. ಹೊಲ ಅವರವರದೇ, ಒಡ್ಡು ಎಲ್ಲರದು. ಏನು ಬಿತ್ತಬೇಕೆಂದು ಕೂಡಿ ಮಾತಾಡುವುದು. ನೋಡಲು, ಕಲಿಯಲು ಯಾರು ಬಂದರೂ ಬಾಗಿಲು ತೆರೆದಿಡುವುದು. ಹೆಸರು ಕೂಡುಹೊಲ. ಬಂದವರಿಗೆ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂಬುದು ಸುತ್ತಮುತ್ತಲಿನ ಊರಿಗೆಲ್ಲ ಗೊತ್ತಿತ್ತು.

ಬೇಸಿಗೆಯಲ್ಲಿ ಒಡ್ಡು ಹಾಕಲು ನಿಂತೆವು. ಉದ್ದನೆಯ ತಿಳಿ ಪೈಪಿನಲ್ಲಿ ನೀರು ತುಂಬಿ, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುವ ಜಾಗ ಹುಡುಕುತ್ತ ಇಳಿಜಾರಿಗೆ ಅಡ್ಡಲಾಗಿ ಗೆರೆ ಎಳೆಯಬೇಕು. ಒಂದು ತುದಿ ನಾನು ಹಿಡಿದಿದ್ದೆ, ಇನ್ನೊಂದು ಬಸಣ್ಣ ಕಾಕಾ. ಕಾಕಾನ ಹೊಲ ದಿಬ್ಬದ ನಟ್ಟನಡುವೆ, ನನ್ನ ಹೊಲದ ನೆತ್ತಿಯ ಮೇಲೆ. ಆಳು ಎತ್ತರ, ದನಿ ಅದಕ್ಕಿಂತ ಎತ್ತರ. ಮಾತು ಸಿಟ್ಟಿನದೋ ಚೇಷ್ಟೆಯದೋ ಎಂದು ತಿಳಿಯಲು ಅವನ ಮೀಸೆ ನೋಡಬೇಕಿತ್ತು.

"ಏ ರಜಿಯಾ, ಬಾಂದಕಲ್ಲು ಅಲ್ಲೈತಿ, ನಿನ್ನ ಗೆರಿ ಇಲ್ಲಿ ನನ್ನ ಹೊಲದಾಗ ಹೊಂಟೈತಲ್ಲಬೇ!"

"ನಾ ಏನ್ ಮಾಡ್ಲಿ ಕಾಕಾ, ನೀರು ಹಂಗ ಹೇಳಾಕತ್ತೈತಿ."

"ಹೇಳತೈತಿ, ಹೇಳತೈತಿ. ನೀರಿಗೇನು ಪಹಣಿ ಓದಾಕ ಬರತೈತೇನು?"

ಮೀಸೆ ನಕ್ಕಿತು, ನಾವೂ ನಕ್ಕೆವು. ನಮ್ಮಲ್ಲಿ ಗಡಿ ಎಂದರೆ ಬಾಂದಕಲ್ಲು, ಒಡ್ಡು ಎಂದರೆ ನೀರು ತಡೆಯುವ ದಿಣ್ಣೆ. ಎರಡಕ್ಕೂ ಸಂಬಂಧವಿಲ್ಲ. ಬಾಂದಕಲ್ಲುಗಳ ಸಾಲು ಎಡಕ್ಕೆ ಇಳಿಯುವ ಮೂಲೆಯಲ್ಲಿ ಒಡ್ಡು ನೇರ ಮುಂದೆ, ಬಸಣ್ಣ ಕಾಕಾನ ಹೊಲದೊಳಕ್ಕೆ ನುಗ್ಗಿತು. ಗೊಣಗುತ್ತಲೇ ಎಲ್ಲರಿಗಿಂತ ಹೆಚ್ಚು ಮಣ್ಣು ಅಗೆದವನು ಅವನೇ.

ಮುಂಗಾರಿನ ಮೊದಲಿಗೆ ಬರುವ ಮಿರಗದ ಮಳೆ ಒಂದು ಮಧ್ಯಾಹ್ನ ಬಂತು. ಎಲ್ಲರೂ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಓಡಿದೆವು. ದಿಬ್ಬದ ಮೇಲಿಂದ ಕೆಂಪು ನೀರು ಉರುಳಿ ಬಂತು, ಒಡ್ಡಿಗೆ ಬಡಿಯಿತು, ನಿಂತಿತು. ಏರಿತು, ಅಗಲವಾಗಿ ಹರಡಿತು, ಕಲ್ಲು ಜೋಡಿಸಿದ ಕೋಡಿಯಿಂದ ಮೆಲ್ಲಗೆ ಇಳಿದುಹೋಯಿತು. ಕೆಳಗೆ ನನ್ನ ಹೊಲದ ಕೊರಕಲಿನಲ್ಲಿ ಮಳೆಯ ಹನಿ ಬಿಟ್ಟರೆ ಬೇರೆ ನೀರಿಲ್ಲ! ನಾನು ಕೂಗಿದ ಕೂಗಿಗೆ ಗಂಟಲು ಮೂರು ದಿನ ಕೂತುಹೋಯಿತು. ಬಸಣ್ಣ ಕಾಕಾ ಕೆಸರಿನಲ್ಲೇ ಎರಡು ಹೆಜ್ಜೆ ಕುಣಿದ. ಅವನ ಹೆಂಡತಿ ನಾಗಮ್ಮ ಚಿಗವ್ವ, "ಮುದುಕಪ್ಪ, ಸೊಂಟ ಉಳುಕೀತು," ಎಂದು ಬೈದಳು.

ಆ ಸಲ ಮಳೆಗಾಲದ ನಾಟಿಗೆ ನಾನು ಹೋಗಲಿಲ್ಲ. ಕೊರಕಲು ತುಂಬಿ ಹದ ಮಾಡಿ, ಹಿಂಗಾರಿಗೆ ಬಿಳಿಜೋಳ ಬಿತ್ತಿದೆ. ಅದು ಎದೆ ಮಟ್ಟ ಬಂತು, ಆಮೇಲೆ ನನ್ನ ತಲೆ ದಾಟಿತು. ದಿನಕ್ಕೊಂದು ಸಲ ಅದರೊಳಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದೆ. "ಒಳಗ ಏನ್ ಮಾಡ್ತಿ?" ಎಂದು ಗಂಡ ಕೇಳಿದರೆ "ಕಳೆ ತೆಗೀತೀನಿ" ಎನ್ನುತ್ತಿದ್ದೆ.

ನೋಡುವವರೂ ಬರತೊಡಗಿದರು. ಮೊದಲು ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆ, ಆಮೇಲೆ ಸುತ್ತಲ ಊರಿನ ರೈತರು. ಮುದಗಲ್‌ನಿಂದ ನನ್ನ ತವರಿನವರೇ ಒಂದು ಟೆಂಪೋ ತುಂಬ ಬಂದರು. ದಿಬ್ಬದವರು ಕೂಡುವ ಕಟ್ಟೆಯ ಮೇಲೆ ನಿಂತು ನಾನು ಭಾಷಣ ಹೊಡೆಯುತ್ತಿದ್ದರೆ ನಮ್ಮ ಅಣ್ಣ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಖುಷಿಯಲ್ಲಿ ನಮಗೆ ಒಂದು ವಿಷಯ ಕಾಣಲೇ ಇಲ್ಲ. ಬಂದವರು ನಡೆಯುವ ದಾರಿ ಬಸಣ್ಣ ಕಾಕಾನ ಹೊಲದ ಮೇಲೆಯೇ ಹಾಯುತ್ತಿತ್ತು. ಅವನ ಹಿಂಗಾರಿನ ಹಸಿ ಕಡಲೆ ಕಂಡರೆ ಯಾರ ಕೈ ಸುಮ್ಮನಿರುತ್ತದೆ? ಒಬ್ಬೊಬ್ಬರು ಒಂದೊಂದು ಗಿಡ ಕಿತ್ತು ತಿನ್ನುತ್ತ ಹೋದರು, ನನ್ನ ತವರಿನವರು ಎರಡೆರಡು ಕಿತ್ತರು. ಅದಕ್ಕೂ ಮೊದಲು, ಮಳೆಗಾಲದಲ್ಲಿ, ಒಡ್ಡಿನ ಹಿಂದೆ ನೀರು ಬಹಳ ದಿನ ನಿಂತು ಕಾಕಾನ ಸಜ್ಜೆಯ ಒಂದು ಪಟ್ಟಿ ಕೊಳೆತುಹೋಗಿತ್ತು. ಕೂಡುಹೊಲದ ಲಾಭ ಎಲ್ಲರಿಗೂ, ಲುಕ್ಸಾನು ಅವನೊಬ್ಬನಿಗೆ. ಅವನು ಹೇಳಿದಾಗಲೆಲ್ಲ ಎಲ್ಲರೂ "ನೋಡೋಣ ಕಾಕಾ" ಎಂದರು, ಯಾರೂ ನೋಡಲಿಲ್ಲ.

ಅಮಾವಾಸ್ಯೆಗೆ ವಾರವಿದ್ದಾಗ ಅವನು ಕಟ್ಟೆಗೆ ಬಂದು ನಿಂತ. ಆ ದಿನ ಮೀಸೆ ನಗಲಿಲ್ಲ.

"ರಸ್ತೆ ಕೆಲಸದವರಿಗೆ ಹಾಸಾಕ ಗರಸು ಮಣ್ಣು ಬೇಕಂತ. ನನ್ನ ಹೊಲ ಅಗಿಯಾಕ ಕೊಡಾಕತ್ತೀನಿ. ಅಮಾಸಿ ಮರುದಿನ ಜೆಸಿಬಿ ಬರತೈತಿ. ಈ ವರ್ಷ ನನ್ನ ಹೊಲಕ್ಕ ಚರಗ ಇಲ್ಲ."

ದಿಬ್ಬದ ನಡುವೆ ಆಳೆತ್ತರದ ತೆಗ್ಗು ಬಿದ್ದರೆ ಒಡ್ಡಿನ ಹೊಟ್ಟೆಯೇ ಒಡೆದ ಹಾಗೆ. ಮುಂದಿನ ಮಳೆಗೆ ಕೆಳಗಿನ ಒಡ್ಡುಗಳೆಲ್ಲ ಕಿತ್ತುಕೊಂಡು ಹೋಗುತ್ತವೆ. ಮೊದಲು ಹೋಗುವುದು ನನ್ನ ಹೊಲ. ಹಿರಿಯರು ಹೋಗಿ ಕೇಳಿದರು, ನಾನು ಹೋಗಿ ಕಾಲು ಹಿಡಿಯುವುದೊಂದು ಬಾಕಿ. "ನನ್ನ ಹೊಲ, ನನ್ನ ಖುಷಿ," ಎಂದು ಅವನು ಮುಖ ತಿರುಗಿಸಿದ. ಅವನು ಚರಗ ಬೇಡ ಎಂದದ್ದು ಯಾಕೆಂದು ನಮಗೆಲ್ಲ ಗೊತ್ತಿತ್ತು. ಬಯಕೆಯ ಊಟ ಉಣಿಸಿದ ಹೊಲಕ್ಕೆ ಮರುದಿನವೇ ಯಂತ್ರ ಹಚ್ಚಲು ಅವನಿಗೂ ಧೈರ್ಯವಿರಲಿಲ್ಲ. ಅದೇ ವಾರ ನಾಟಿ ಗುಂಪಿನ ಹೆಂಗಸು ಬಾಗಿಲಿಗೆ ಬಂದು, "ರಜಿಯಕ್ಕ, ಅಮಾಸಿ ಆದಮ್ಯಾಲೆ ಟಂಟಂ ಹೊಂಡತೈತಿ, ಹೆಸರು ಹಚ್ಚಲೇನು?" ಎಂದು ಕೇಳಿದಳು. ಬೇಡ ಎನ್ನಲಾಗದೆ ಹ್ಞೂಂ ಎಂದೆ.

ಅಮಾವಾಸ್ಯೆಯ ದಿನ ತುರ್ವಿಹಾಳದ ಶಾಲೆಯ ಮಕ್ಕಳು ಬರುವುದು ಮೊದಲೇ ನಿಗದಿಯಾಗಿತ್ತು. ಬರಬೇಡಿ ಎನ್ನುವುದು ಹೇಗೆ? ಹಬ್ಬದ ದಿನ ಹೊಲಕ್ಕೆ ಬಂದವರನ್ನು ವಾಪಸು ಕಳಿಸಿದವರು ನಮ್ಮಲ್ಲಿ ಯಾರೂ ಇಲ್ಲ. ಬಂದರು. ಭತ್ತದ ಸೀಮೆಯ ಮಕ್ಕಳು, ಜೋಳದ ಹೊಲವನ್ನು ಕಬ್ಬೆಂದು ತಿಳಿದು ಒಬ್ಬ ದಂಟು ಮುರಿದು ಕಚ್ಚಿಯೂ ನೋಡಿದ. ಪೂಜೆ ಆಯಿತು. ಒಲೆಯ ಕಡೆ ನನಗೆ ಬಿಡುವಿರಲಿಲ್ಲ. ಮಕ್ಕಳು ತಾವೇ ಚರಗ ಚೆಲ್ಲುತ್ತೇವೆ ಎಂದು ಗಲಾಟೆ ಮಾಡಿದಾಗ ಒಬ್ಬ ಹುಡುಗನ ಕೈಗೆ ಬುಟ್ಟಿ, ಎರಡು ಜಡೆಯ ಒಬ್ಬ ಹುಡುಗಿಯ ಕೈಗೆ ನೀರಿನ ತಂಬಿಗೆ ಕೊಟ್ಟು, "ನಮ್ಮ ಹೊಲದ ಗಡಿ ಹಿಡಕೊಂಡು ಹೋಗ್ರಿ, ಸುತ್ತು ಹಾಕಿ ಬರ್ರಿ," ಎಂದೆ.

ಹೊರಟರು. ಮುಂದಿನವರು "ಹುಲ್ಲುಲ್ಲಿಗೋ!" ಎಂದರೆ ಹಿಂದಿನವರು "ಚಲ್ಲಾಂಬರಿಗೋ!" ಎನ್ನುವ ಚರಗದ ಕೂಗು ದಿಬ್ಬವೆಲ್ಲ ತುಂಬಿತು. ನಾನು ಕಡುಬಿನ ಪಾತ್ರೆ ಇಳಿಸಿ ತಲೆ ಎತ್ತಿ ನೋಡುತ್ತೇನೆ, ಸಾಲು ಬಸಣ್ಣ ಕಾಕಾನ ಹೊಲದ ನಡುವೆ ಇದೆ! ಬಾಂದಕಲ್ಲಿನ ಮೂಲೆಯಲ್ಲಿ ಎಡಕ್ಕೆ ತಿರುಗದೆ, ಒಡ್ಡಿನ ಮೇಲೆಯೇ ನೇರ ನಡೆದುಬಿಟ್ಟಿದ್ದರು. ಹುಡುಗ ಆ ಕಡೆ ಈ ಕಡೆ ಕೈ ತುಂಬ ಚೆಲ್ಲುತ್ತಿದ್ದ. ಹುಡುಗಿ ಒಂದು ಹನಿಯೂ ತಪ್ಪದಂತೆ ನೀರು ಚಿಮುಕಿಸುತ್ತಿದ್ದಳು. ನಾನು ಸೆರಗು ಕಟ್ಟಿ ಓಡಿದೆ. ಓಡುವಷ್ಟರಲ್ಲಿ ಊರಿನ ದಾರಿಯಿಂದ ಬಸಣ್ಣ ಕಾಕಾ ಬರುತ್ತಿದ್ದ, ಹಿಂದೆ ನಾಗಮ್ಮ ಚಿಗವ್ವ.

"ಯಾರಲೇ ಅದು! ನನ್ನ ಹೊಲಕ್ಕ ಚರಗ ಚೆಲ್ಲಾಕ ಯಾರು ಹೇಳ್ಯಾರ ನಿಮಗ?" ಎಂದು ಗುಡುಗಿದ. ನನ್ನ ಕಡೆ ತಿರುಗಿ, "ನಿಂದಽ ಇದು ಕಿತಾಪತಿ. ನೀನ ಹಚ್ಚಿಕೊಟ್ಟೀ," ಎಂದ.

"ಅಲ್ಲಾನ ಆಣಿ ಕಾಕಾ, ನಾ ಗಡಿ ಹಿಡಕೊಂಡು ಹೋಗ್ರಿ ಅಂದೆ."

ನಿಜ ಹೇಳಬೇಕೆಂದರೆ, ಈ ಉಪಾಯ ನನಗೇ ಯಾಕೆ ಹೊಳೆಯಲಿಲ್ಲ ಎಂದು ಆ ಗಡಿಬಿಡಿಯಲ್ಲೂ ಅನಿಸಿತು.

ಮೇಷ್ಟ್ರು ಕೈ ಮುಗಿದು ತಪ್ಪಾಯಿತು ಎಂದರು. ಎರಡು ಜಡೆಯ ಹುಡುಗಿ ಮಾತ್ರ ಹೆದರಲಿಲ್ಲ. "ನಾವು ಗಡಿ ಮ್ಯಾಲೆ ಬಂದೀವ್ರಿ ಅಜ್ಜಾ. ನಮ್ಮೂರಾಗ ಗದ್ದಿ ಗಡಿ ಅಂದ್ರ ಬದುನಽ. ಗಡಿ ಅಲ್ಲಂದ್ರ ಇಲ್ಲಿ ಬದು ಯಾಕ ಹಾಕೀರಿ?"

ಭತ್ತದ ಸೀಮೆಯ ಮಕ್ಕಳ ಲೆಕ್ಕ ಅದು, ತಪ್ಪೆನ್ನುವುದು ಹೇಗೆ? "ಗಡಿ ಅಲ್ಲಬೇ ಇದು," ಎಂದ ಬಸಣ್ಣ ಕಾಕಾ. "ಇದು ನೀರಿಗೆ ಹಾಕಿದ್ದು."

"ನೀರು ಎಲ್ಲೈತ್ರಿ?"

ಸುತ್ತ ನೋಡಿದ. ಹುಡುಗಿಯ ಕೈಯಿಂದ ತಂಬಿಗೆ ಕಿತ್ತುಕೊಂಡ. ಇಳಿಜಾರಿನ ಬರಿಮಣ್ಣಿನ ಮೇಲೆ ಸ್ವಲ್ಪ ಸುರಿದ. ಕೆಂಪಗೆ ಹರಿದುಹೋಯಿತು. ಆಮೇಲೆ ಹಿಮ್ಮಡಿಯಿಂದ ಮಣ್ಣು ಒತ್ತರಿಸಿ ಬೆರಳುದ್ದದ ಒಡ್ಡು ಮಾಡಿ, ಮತ್ತೆ ಸುರಿದ. ನೀರು ನಿಂತಿತು, ಇಂಗಿತು. ಮಕ್ಕಳು ಸುತ್ತ ಮುತ್ತಿಕೊಂಡು ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಅವನ ದನಿ ಈಗ ಗುಡುಗುತ್ತಿರಲಿಲ್ಲ.

"ಈಗ ಹೇಳ್ರಿ, ಮಣ್ಣು ಎಲ್ಲೈತಿ?"

"ಇಲ್ಲೇ ಐತ್ರೀ!" ಎಂದು ಎಲ್ಲರೂ ಕೂಗಿದರು.

"ಇದನ್ನ ಒಡದ್ರ ಏನಾಕ್ಕೈತ್ರಿ ಅಜ್ಜಾ?" ಎಂದಳು ಹುಡುಗಿ.

"ಒಡದ್ರ ಏನೈತಿ? ನೀರೆಲ್ಲಾ ದಬದಬ ಕೆಳಗ ಹೋಗಿ ಈಕಿ ಜ್ವಾಳ ಕಿತ್ಕೊಂಡು..." ಎಂದು ನನ್ನ ಹೊಲದ ಕಡೆ ಕೈ ಮಾಡಿದ. ಕೈ ಹಾಗೇ ನಿಂತಿತು.

ನಾಗಮ್ಮ ಚಿಗವ್ವ ಚಪ್ಪಲಿ ಕಳಚಿಟ್ಟು ಹೊಲದೊಳಗೆ ಹೋದಳು. ಕಡಲೆ ಗಿಡದ ಮೇಲೆ ಬಿದ್ದಿದ್ದ ಕಡುಬಿನ ತುಣುಕನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ಬಯಕಿ ಉಣ್ಣಿಸಿ ಬಿಟ್ಟಾರ. ನಾಳೆ ಈ ಭೂಮಿತಾಯಿ ಹೊಟ್ಟಿಗೆ ಯಂತ್ರ ಹಚ್ಚತೀ ಏನು?" ಎಂದಳು. "ಹಚ್ಚೋದಿದ್ರ ಹಚ್ಚು. ನಾ ಇಲ್ಲೇ ಅಡ್ಡ ಕುಂದರತೀನಿ."

"ನಾ ಚೆಲ್ಲಿಲ್ಲಲ್ಲ, ಹುಡುಗರು ಚೆಲ್ಯಾರ," ಎಂದ ಕಾಕಾ. ಆದರೆ ಅವನ ಮಾತು ಅವನಿಗೇ ರುಚಿಸಿದ ಹಾಗೆ ಕಾಣಲಿಲ್ಲ.

"ಉಂಡಾಕಿಗೆ ಯಾರು ನೀಡಿದ್ರೇನು?"

ಅವನು ಒಡ್ಡಿನ ಮೇಲೆ ಕುಳಿತುಬಿಟ್ಟ. ಒಂದು ಹಿಡಿ ಮಣ್ಣು ಎತ್ತಿ ಹಿಸುಕಿ ನೋಡಿದ. ಕೊನೆಗೆ, "ರಾಶಿ ಆಗೋತನಕ ಜೆಸಿಬಿ ಬರಂಗಿಲ್ಲ," ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿದ. "ಸುಮ್ನಿರಬೇ. ನಂದೂ ಕೇಳ್ರಿ. ನೋಡಾಕ ಬರೋರಿಗೆ ದಾರಿ ನನ್ನ ಹೊಲದಾಗಲ್ಲ, ದಂಡಿಗುಂಟ ಮಾಡ್ರಿ. ನೀರು ನಿಂದ್ರೋ ಪಟ್ಟಿಯಾಗ ಬೆಳಿ ಬರಂಗಿಲ್ಲ, ಅಲ್ಲಿ ಎಲ್ಲಾರ ದನಕ್ಕೂ ಹುಲ್ಲು ಬೆಳಸೂನು. ಆ ಪಟ್ಟಿ ಕಾಳು ಎಲ್ಲಾರ ರಾಶಿಯಾಗಿಂದ ನನಗ ಬರಬೇಕು. ನನ್ನ ಕಡ್ಲಿ, ನಾ ಕಿತ್ತು ಕೊಟ್ರ ತಿನ್ನಬೇಕು. ನಾ ಎಷ್ಟು ಸಲ ಹೇಳೀನಿ, ಯಾರಾರ ಕೇಳೀರೇನು?"

ಕೇಳಿರಲಿಲ್ಲ. ಆ ದಿನ ಕೇಳಿದೆವು. ಅಲ್ಲೇ, ಚರಗ ಬಿದ್ದ ಹೊಲದಲ್ಲಿ ನಿಂತು, ದಿಬ್ಬದವರೆಲ್ಲ ಒಬ್ಬೊಬ್ಬರಾಗಿ ಒಪ್ಪಿದೆವು. ಇಷ್ಟು ಸಣ್ಣ ಮಾತಿಗೆ ಇಷ್ಟು ದಿನ ಕಿವುಡರಾಗಿದ್ದೆವಲ್ಲ ಎಂದು ಎಲ್ಲರಿಗೂ ನಾಚಿಕೆಯಾಯಿತು. ಪಂಕ್ತಿಯಲ್ಲಿ ಬಸಣ್ಣ ಕಾಕಾ ಮಕ್ಕಳ ನಡುವೆ ಕುಳಿತು ಉಂಡ. ಊಟವಾದ ಮೇಲೆ ತಾನೇ ಎದ್ದು ಹೋಗಿ, ಗಿಡ ಆರಿಸಿ ಆರಿಸಿ, ಪ್ರತಿ ಮಗುವಿನ ಕೈಗೂ ಹಸಿ ಕಡಲೆ ಕೊಟ್ಟ. ಎರಡು ಜಡೆಯ ಹುಡುಗಿಗೆ ಎರಡು ಗಿಡ.

ನಾಲ್ಕು ದಿನಕ್ಕೆ ಟಂಟಂ ನನ್ನ ಬಾಗಿಲ ಮುಂದೆ ನಿಂತು ಹಾರ್ನ್ ಹೊಡೆಯಿತು. ಒಳಗೆ ಎಲ್ಲ ನನ್ನ ಜೊತೆಯವರೇ. "ಬಾರಬೇ ರಜಿಯಾ, ಜಾಗ ಇಟ್ಟೀವಿ," ಎಂದರು.

"ಇಲ್ಲವ್ವ," ಎಂದೆ. "ನನ್ನ ಹೊಲದಾಗ ಕೆಲಸ ಐತಿ."

ಟಂಟಂ ಧೂಳೆಬ್ಬಿಸಿ ಹೋಯಿತು. ನಾನು ಬಾಗಿಲಿಗೆ ಒರಗಿ ನಿಂತು ನಕ್ಕೆ, ಕಣ್ಣೀರೂ ಹಾಕಿದೆ. ಆಮೇಲೆ ಹೊಲಕ್ಕೆ ಹೋದೆ. ಹಕ್ಕಿ ಕಾಯುವುದೊಂದು ಬಿಟ್ಟರೆ ಅಲ್ಲಿ ಆಗ ಅಂಥ ಕೆಲಸವೇನೂ ಇರಲಿಲ್ಲ.

ಜೋಳದ ರಾಶಿ ನನ್ನ ಸೊಂಟದ ಮಟ್ಟ ಬಂತು. ಮೊದಲ ಮೊರ ಬಸಣ್ಣ ಕಾಕಾನ ಪಟ್ಟಿಯ ಪಾಲಿಗೆ ಸುರಿದೆ. ರಾಶಿ ಮುಗಿದದ್ದೇ ಗರಸಿನವರು ಜೆಸಿಬಿ ತೆಗೆದುಕೊಂಡು ಬಂದೇಬಿಟ್ಟರು. ಕಾಕಾ ದಾರಿಗೆ ಅಡ್ಡ ನಿಂತಿದ್ದ. ದಿಬ್ಬದವರೆಲ್ಲ ಅವನ ಹಿಂದೆ ಕೂಡಿದ್ದೆವು, ಆದರೆ ನಮ್ಮ ಅಗತ್ಯವೇ ಬೀಳಲಿಲ್ಲ.

"ರಾಶಿ ಆತಲ್ರೀ, ನೀವ ಹೇಳಿದ್ರಿ," ಎಂದ ಬಂದವನು.

"ಹೌದು, ಹೇಳಿದ್ದೆ. ಈಗ ಹೇಳಾಕತ್ತೀನಿ, ಕೊಡಂಗಿಲ್ಲ. ಇದು ನಮ್ಮ ಕೂಡುಹೊಲ. ನೋಡಾಕ ಬಂದಿದ್ರ ಬಾ, ಒಡ್ಡು ತೋರಸ್ತೀನಿ, ರೊಟ್ಟಿ ಉಂಡು ಹೋಗು. ಅಗಿಯಾಕ ಬಂದಿದ್ರ ಬಂದ ದಾರಿ ಹಿಡಿ."

ನಮ್ಮ ಕೂಡುಹೊಲ ಎಂದು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಜೆಸಿಬಿ ಹಿಂದಕ್ಕೆ ತಿರುಗಿದಾಗ ನಾವು ಹಾಕಿದ ಕೇಕೆ ಪಾಮನಕಲ್ಲೂರಿಗೂ ಕೇಳಿಸಿತಂತೆ.

ಮಸ್ಕಿಯಲ್ಲಿ ಬಸ್ಸು ಬದಲಿಸಿ ಊರು ಸೇರಿದೆ. ಮರುದಿನ ಬೆಳಿಗ್ಗೆ ಕೂಡುಹೊಲಕ್ಕೆ ಹೋದಾಗ ದಂಡೆಯ ದಾರಿಯ ಬಾಯಲ್ಲಿ ಬಸಣ್ಣ ಕಾಕಾ ಕೋಲು ಊರಿ ನಿಂತಿದ್ದ. ಬಂದವರಿಗೆ ತಿಳಿಸಿ ಹೇಳುವ ಕೆಲಸವನ್ನು ನನ್ನ ಕೈಯಿಂದ ಕಸಿದುಕೊಂಡು ಬಹಳ ವರ್ಷವಾಯಿತು. ನನಗೆ ಒಲೆಯ ಮುಂದೆ ಬಿಡುವಿಲ್ಲದ ದಿನ ಅದರ ದುಃಖವೂ ಇಲ್ಲ. ತುರ್ವಿಹಾಳದಿಂದ ಮಕ್ಕಳ ಬಸ್ಸು ಬಂದು ನಿಂತಿತು. ಒಂದು ಕಾಲಕ್ಕೆ ನಾನು ಬಗ್ಗಿ ನಾಟಿ ಮಾಡುತ್ತಿದ್ದ ಗದ್ದೆಗಳ ಊರು, ಈಗ ಪ್ರತಿ ವರ್ಷ ನನ್ನ ಹೊಲ ನೋಡಲು ಬರುತ್ತದೆ.

ಕಾಕಾ ಒಬ್ಬ ಹುಡುಗನ ಕೈಗೆ ಬುಟ್ಟಿ ಕೊಟ್ಟ. ತಂಬಿಗೆ ನನ್ನ ಕೈಗೆ ಕೊಟ್ಟ.

"ಗಡಿ ಹಿಡಕೊಂಡು ಹೋಗಲೇನ್ರಿ ಅಜ್ಜಾ?" ಎಂದು ಹುಡುಗ ಕೇಳಿದ.

"ಗಡಿ ಯಾಕಲೇ? ಒಡ್ಡು ಹಿಡಕೊಂಡು ಹೋಗ್ರಿ. ನಮ್ಮಲ್ಲಿ ಚರಗ ಹೋಗೋದು ಹಂಗಽ," ಎಂದ ಕಾಕಾ. ನನ್ನ ಕಡೆ ನೋಡಿದ. ಮೀಸೆ ನಗುತ್ತಿತ್ತು.

"ಹುಲ್ಲುಲ್ಲಿಗೋ!" ಎಂದು ಹುಡುಗ ಕೂಗಿದ. ನಾನು ತಂಬಿಗೆ ಎತ್ತಿಕೊಂಡು, ಈ ವಯಸ್ಸಿಗೆ ಇನ್ನೂ ಗಟ್ಟಿಯಾಗಿರುವ ಗಂಟಲಿನಿಂದ "ಚಲ್ಲಾಂಬರಿಗೋ!" ಎಂದು ಕೂಗುತ್ತ, ಅವನ ಹಿಂದೆ ಒಡ್ಡಿನ ಮೇಲೆ ನಡೆದೆ.